ತೀರ್ಪಿಗೆ ಮುಂಚಿನ ತಿಂಗಳುಗಳು: ಮಗು ಮತ್ತು ಮನೆಯ ಕುರಿತು ಉಚ್ಚ ನ್ಯಾಯಾಲಯಕ್ಕೊಂದು ಬಹಿರಂಗ ಪತ್ರ

ಕರ್ನಾಟಕ ಉಚ್ಚ ನ್ಯಾಯಾಲಯದ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ ಹಾಗೂ ನ್ಯಾಯಮೂರ್ತಿಗಳಿಗೆ,

ಮಾನ್ಯರೇ,

ನಾನು ಒಬ್ಬ ತಾಯಿ. ನನ್ನ ಮತ್ತು ನನ್ನ ಪತಿಯಾಗಿದ್ದವರ ನಡುವಿನ ಮೊಕದ್ದಮೆ ಮುಗಿದು ವರ್ಷಗಳಾಗಿವೆ. ಈಗ ಯಾವ ನ್ಯಾಯಾಲಯದ ಮುಂದೆಯೂ ನನ್ನದೇನೂ ಬಾಕಿ ಇಲ್ಲ, ಆದ್ದರಿಂದ ಈ ಪತ್ರದಿಂದ ನನಗೆ ಆಗಬೇಕಾದ ಲಾಭವೂ ಇಲ್ಲ. ಮಗ ನನ್ನ ಭುಜಕ್ಕಿಂತ ಎತ್ತರ ಬೆಳೆದಿದ್ದಾನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಂದೆ ಮಗನನ್ನು ನೋಡಲು ಅವಕಾಶ ಕೋರಿ ಮಧ್ಯಂತರ ಅರ್ಜಿ, ಅಂದರೆ ತೀರ್ಪು ಬರುವವರೆಗಿನ ತಾತ್ಕಾಲಿಕ ಆದೇಶಕ್ಕಾಗಿ ಅರ್ಜಿ, ಸಲ್ಲಿಸಿದ ದಿನದಿಂದ ಅದರ ಮೇಲೆ ಮೊದಲ ಆದೇಶ ಬರುವ ದಿನದವರೆಗೆ ನಮ್ಮ ಪ್ರಕರಣದಲ್ಲಿ 11 ತಿಂಗಳು ಹಿಡಿಯಿತು. ಆ 11 ತಿಂಗಳೂ ಮಗ ನನ್ನ ಬಳಿಯೇ ಇದ್ದ, ಮನೆಯೂ ನನ್ನ ಕೈಯಲ್ಲೇ ಇತ್ತು. ಇಂಥ ಪತ್ರಗಳನ್ನು ಸಾಮಾನ್ಯವಾಗಿ ವಿಳಂಬದಿಂದ ಸೋತವರು ಬರೆಯುತ್ತಾರೆ. ನಾನು ವಿಳಂಬದಿಂದ ಗೆದ್ದವಳು, ಮತ್ತು ಆ ಗೆಲುವು ನನಗೆ ಹೇಗೆ ಬಂತು ಎಂಬುದನ್ನು ತಮ್ಮ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ನಾವಿಬ್ಬರೂ ಬೇರೆಯಾಗುವುದೆಂದು ನಿರ್ಧಾರವಾದಾಗ ಮಗನಿಗೆ 7 ವರ್ಷ. ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ. ಜಗಳವಿತ್ತು, ಅದೂ ರಾತ್ರಿ, ಮಗು ಮಲಗಿದ ಮೇಲೆ. ಅವನು ಮಲಗಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಅವರು ಎರಡು ಚೀಲಗಳಲ್ಲಿ ಬಟ್ಟೆ ತುಂಬಿಕೊಂಡು ಒಂದು ಬಾಡಿಗೆ ಕೋಣೆಗೆ ಹೋದರು. ಮಗು ಇನ್ನು ಇದನ್ನೆಲ್ಲ ಕೇಳಿಸಿಕೊಳ್ಳುವುದು ಬೇಡ ಎಂಬುದು ಅವರು ಕೊಟ್ಟ ಕಾರಣ. ಅದನ್ನು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ನನ್ನ ಪರವಾಗಿ ಸಲ್ಲಿಸಿದ ಆಕ್ಷೇಪಣೆಯಲ್ಲಿ ಅದೇ ಸಂಗತಿ, ಅರ್ಜಿದಾರರು ಸ್ವಇಚ್ಛೆಯಿಂದ ಮನೆಯನ್ನೂ ಮಗುವನ್ನೂ ತೊರೆದು ಹೋಗಿರುತ್ತಾರೆ ಎಂಬ ವಾಕ್ಯವಾಗಿ ಬಂತು. ಆ ಪುಟದ ಕೆಳಗೆ ನನ್ನ ಸಹಿ ಇದೆ.

ಸಹಿ ಹಾಕುವಾಗ ನನಗೆ ಕೆಡುಕು ಮಾಡುವ ಉದ್ದೇಶವಿರಲಿಲ್ಲ. ಭಯವಿತ್ತು. ಬೇರೆಯಾಗುವ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ ಸಿಗುವ ಬುದ್ಧಿಮಾತು ನನಗೂ ಸಿಕ್ಕಿತ್ತು: ಮನೆ ಬಿಟ್ಟು ಹೊರಡಬೇಡ, ಮಗುವನ್ನು ಕೈಬಿಡಬೇಡ, ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಬಂಧುಗಳು ಹೇಳಿದರು, ಸಹೋದ್ಯೋಗಿಗಳು ಹೇಳಿದರು, ವಕೀಲರೂ ಹೇಳಿದರು. ಅವರದ್ದು ದುರ್ಬೋಧನೆ ಎನ್ನಲು ನಾನು ಸಿದ್ಧಳಿಲ್ಲ, ಏಕೆಂದರೆ ಅವರು ಹೇಳಿದ್ದು ನಿಜವೇ ಆಗಿತ್ತು. ಮೊದಲ ಕೆಲವು ತಿಂಗಳು ನ್ಯಾಯಾಲಯ ಏನನ್ನೂ ಹೇಳದೆ ಇದ್ದಾಗ, ಮಗುವೂ ಮನೆಯೂ ಯಾರ ಹಿಡಿತದಲ್ಲಿ ಇವೆಯೋ ಅವರದೇ ಆಗಿಬಿಡುತ್ತವೆ. ನ್ಯಾಯಾಧೀಶರು ಕಡೆಗೆ ಕಡತವನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮಗು ಒಂದು ದಿನಚರಿಗೆ ಒಗ್ಗಿಕೊಂಡಿರುತ್ತದೆ, ಒಗ್ಗಿಕೊಂಡ ಮಗುವನ್ನು ಕದಲಿಸುವುದು ಅದರ ಹಿತಕ್ಕೆ ಒಳ್ಳೆಯದಲ್ಲ ಎಂಬ ವಾದ ಸಹಜವಾಗಿಯೇ ಎದ್ದುಬರುತ್ತದೆ, ಮತ್ತು ಆ ವಾದದಲ್ಲಿ ಹುರುಳೂ ಇರುತ್ತದೆ.

ಆ 11 ತಿಂಗಳು ಹೋದದ್ದು ಹೇಗೆಂದು ಕೇಳಿದರೆ ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ. ನೋಟಿಸು ಜಾರಿಯಾಗಲು ಎರಡು ತಾರೀಕು. ವಕಾಲತ್ತು ಸಲ್ಲಿಸಲು ಒಂದು. ಆಕ್ಷೇಪಣೆಗೆ ಕಾಲಾವಕಾಶ ಕೇಳಿದ್ದು ಮೂರು ಸಲ, ಅದರಲ್ಲಿ ಎರಡು ನಮ್ಮ ಕಡೆಯಿಂದ. ನಡುವೆ ಮಧ್ಯಸ್ಥಿಕೆಗೆ ಕಳಿಸಿದರು, ಅದು ಫಲಿಸಲಿಲ್ಲವೆಂಬ ವರದಿ ಬರಲು ಮತ್ತೆ ಸಮಯ ಹಿಡಿಯಿತು, ಅಷ್ಟರಲ್ಲಿ ನ್ಯಾಯಾಧೀಶರ ವರ್ಗಾವಣೆಯಾಯಿತು. ಪ್ರತಿಯೊಂದು ಮುಂದೂಡಿಕೆಗೂ ಒಪ್ಪಬಹುದಾದ ಕಾರಣವಿತ್ತು. ಆದರೆ ಮಗನ ಪಾಲಿಗೆ ಅವುಗಳ ಒಟ್ಟು ಮೊತ್ತ ಒಂದು ಇಡೀ ತರಗತಿ. ಎರಡನೆಯ ತರಗತಿಯನ್ನು ಅವನು ತಂದೆಯ ಮುಖ ನೋಡದೆ ಓದಿ ಮುಗಿಸಿದ.

ಕಡೆಗೂ ಆದೇಶ ಬಂತು: ತಿಂಗಳಿಗೆ ಎರಡು ಶನಿವಾರ, ನ್ಯಾಯಾಲಯದ ಆವರಣದ ಮಕ್ಕಳ ಕೋಣೆಯಲ್ಲಿ, ಒಂದು ಗಂಟೆ. ಮೊದಲ ಶನಿವಾರ ಅವರು ಮಗನಿಗಾಗಿ ಶಾಲೆಯ ಕಪ್ಪು ಶೂ ತಂದಿದ್ದರು. ಬೆಂಚಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಮಂಡಿಯೂರಿ, ಲೇಸು ಸಡಿಲಿಸಿ ಹಾಕಲು ನೋಡಿದರು. ಹಿಮ್ಮಡಿ ಒಳಗೆ ಹೋಗಲಿಲ್ಲ. ಅವರಿಗೆ ನೆನಪಿದ್ದ ಅಳತೆ ಹಿಂದಿನ ವರ್ಷದ್ದು. ಬೆರಳನ್ನು ಹಿಮ್ಮಡಿಯ ಹಿಂದೆ ತೂರಿಸಿ ಮತ್ತೊಮ್ಮೆ ಒತ್ತಿದರು. ಮಗ ನೋವಾದರೂ ಹೇಳಲಿಲ್ಲ. 'ಪರವಾಗಿಲ್ಲ ಅಪ್ಪ, ತುಳ್ಕೊಂಡು ಹಾಕ್ಕೋತೀನಿ' ಎಂದ. ಬಾಗಿಲ ಬಳಿ ನಿಂತು ನಾನಿದನ್ನು ನೋಡಿದೆ. ಮುಂದೆ ಅವನು ಆ ಶೂಗಳನ್ನು ಹಿಮ್ಮಡಿ ತುಳಿದುಕೊಂಡೇ ಮನೆಯೊಳಗೆಲ್ಲ ಓಡಾಡುತ್ತಿದ್ದ, ತೆಗೆದಿಡು ಎಂದರೆ ತೆಗೆದಿಡುತ್ತಿರಲಿಲ್ಲ.

ಈಗ ಮನೆಯ ವಿಷಯ. ಮಗುವಿನ ಪಾಲನೆ ಒಂದು ತಕರಾರು, ಮನೆ ಇನ್ನೊಂದು ತಕರಾರು ಎಂದು ಕಡತಗಳು ಬಗೆಯುತ್ತವೆ. ಬದುಕಿನಲ್ಲಿ ಅವೆರಡೂ ಒಂದೇ ಎಂಬುದನ್ನು ನಮ್ಮದೇ ಲೆಕ್ಕದಿಂದ ತೋರಿಸಬಲ್ಲೆ. ಮನೆ ಇಬ್ಬರ ಹೆಸರಿನಲ್ಲಿತ್ತು, ಸಾಲದ ಕಂತು ಅವರ ಖಾತೆಯಿಂದ ಹೋಗುತ್ತಿತ್ತು. ಹೊರಗೆ ಹೋದ ಮೇಲೂ ಅವರು ಕಂತು ನಿಲ್ಲಿಸಲಿಲ್ಲ. ಕಂತು ಕಟ್ಟಿ ಉಳಿದ ಹಣದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೋಣೆ, ಸ್ನಾನದ ಮನೆ ನಾಲ್ಕು ಜನಕ್ಕೆ ಸೇರಿ ಒಂದು. ಮಗನನ್ನು ವಾರಾಂತ್ಯ ತಮ್ಮ ಬಳಿ ಉಳಿಸಿಕೊಳ್ಳಲು ಅವರು ಕೇಳಿದಾಗ, ಮಗು ಉಳಿಯಲು ಅಲ್ಲಿ ಯೋಗ್ಯವಾದ ಸ್ಥಳವಿಲ್ಲ ಎಂದು ನಾವು ಆಕ್ಷೇಪಿಸಿದೆವು. ಆ ಆಕ್ಷೇಪಣೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮಗ ಮಲಗುವ ಮನೆಗೆ ಹಣ ಕಟ್ಟುತ್ತಿದ್ದ ಕಾರಣಕ್ಕೇ ಅವರಿಗೆ ಮಗನನ್ನು ಮಲಗಿಸಿಕೊಳ್ಳಲು ಜಾಗವಿಲ್ಲದಂತಾಯಿತು ಎಂಬ ಮಾತನ್ನು ಆ ದಿನ ಯಾರೂ ಆಡಲಿಲ್ಲ. ಮನೆಯ ಪ್ರಶ್ನೆ ಆ ಅರ್ಜಿಯಲ್ಲಿ ಇರಲೇ ಇಲ್ಲವಲ್ಲ.

ನಮ್ಮದು ಇದರ ಸೌಮ್ಯ ರೂಪ. ಬಹಳಷ್ಟು ಕಡೆ ಮನೆಯಿಂದ ಹೊರಬೀಳುವವಳು ಹೆಂಡತಿ. ಮಗುವನ್ನು ಎತ್ತಿಕೊಂಡು ಬಂದರೆ ಅಪಹರಣದ ಮಾತು ಕೇಳಬೇಕು, ಬಿಟ್ಟು ಬಂದರೆ ಮಗುವನ್ನು ಬಿಟ್ಟುಹೋದವಳು ಎಂಬ ಮಾತು ಕೇಳಬೇಕು. ಮನೆ ಮಾವನ ಹೆಸರಿನಲ್ಲಿದ್ದರಂತೂ ಅವಳಿಗೆ ಅಲ್ಲಿ ಕಾಲಿಡಲು ಹಕ್ಕೇ ಇಲ್ಲವೆಂದು ಬಹಳ ಕಾಲ ತಿಳಿಯಲಾಗಿತ್ತು. ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿಳಿವಳಿಕೆಯನ್ನು ತಿದ್ದಿ, ಗಂಡನ ಬಂಧುಗಳಿಗೆ ಸೇರಿದ ಮನೆಯೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅವಳು ಹಕ್ಕಿನಿಂದ ವಾಸಿಸಬಹುದಾದ ಮನೆಯಾಗಬಲ್ಲದು ಎಂದಿತು. ಅದೇ ವರ್ಷ ಡಿಸೆಂಬರಿನಲ್ಲಿ, ಬೆಂಗಳೂರಿನಿಂದಲೇ ಹೋಗಿದ್ದ ಎಸ್. ವನಿತಾ ಪ್ರಕರಣದಲ್ಲಿ, ವಯಸ್ಸಾದ ತಂದೆತಾಯಿಗಳ ರಕ್ಷಣೆಗೆಂದಿರುವ ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಬಳಸಿ ಆ ಹಕ್ಕನ್ನು ಸದ್ದಿಲ್ಲದೆ ತಪ್ಪಿಸಲಾಗದು ಎಂದು ಹೇಳಿತು. ದೊಡ್ಡ ಮಾತುಗಳಿವು. ಆದರೆ ಇವುಗಳ ಫಲ ಪಡೆಯಲು ಒಬ್ಬ ತಾಯಿ ಎಷ್ಟು ಬಾಗಿಲು ತಟ್ಟಬೇಕು ನೋಡಿ. ವಾಸದ ಹಕ್ಕಿಗೆ ಮ್ಯಾಜಿಸ್ಟ್ರೇಟರ ಮುಂದೆ, ಮಗುವಿಗಾಗಿ ಕೌಟುಂಬಿಕ ನ್ಯಾಯಾಲಯದಲ್ಲಿ, ಅತ್ತೆ ಮಾವ ಅರ್ಜಿ ಹಾಕಿದ್ದರೆ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ, ಪಾಲಿನ ದಾವೆ ಇದ್ದರೆ ಸಿವಿಲ್ ನ್ಯಾಯಾಲಯದಲ್ಲಿ ನಿಲ್ಲಬೇಕು. ಒಂದು ಕಡೆಯ ತಾರೀಕಿಗೆ ಇನ್ನೊಂದು ಕಡೆಯ ತಾರೀಕು ಅಡ್ಡ ಬರುತ್ತದೆ.

ಹೀಗೆ ಚದುರಿಹೋಗಲೇಬೇಕೆಂದು ಕಾನೂನು ಹೇಳಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಸೆಕ್ಷನ್ನಿನ ವಿವರಣೆಯಲ್ಲಿ ಅಪ್ರಾಪ್ತ ಮಕ್ಕಳ ಪಾಲನೆಯೂ ಇದೆ, ದಂಪತಿಗಳ ಆಸ್ತಿಯ ವ್ಯಾಜ್ಯವೂ ಇದೆ, ದಾಂಪತ್ಯದಿಂದ ಹುಟ್ಟುವ ಸಂದರ್ಭಗಳಲ್ಲಿ ತಡೆಯಾಜ್ಞೆ ಕೊಡುವ ಅಧಿಕಾರವೂ ಇದೆ. ದೌರ್ಜನ್ಯ ತಡೆ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ವಾಸದ ಪರಿಹಾರವನ್ನು ಕೌಟುಂಬಿಕ ನ್ಯಾಯಾಲಯದಲ್ಲೇ ಕೇಳಬಹುದು. ಒಂದೇ ಕೋಣೆಯಲ್ಲಿ, ಒಬ್ಬರೇ ನ್ಯಾಯಾಧೀಶರ ಮುಂದೆ, ಒಂದೇ ದಿನ ಮಗು ಮತ್ತು ಮನೆ ಎರಡನ್ನೂ ತಾತ್ಕಾಲಿಕವಾಗಿ ತೀರ್ಮಾನಿಸಲು ಬೇಕಾದ ಅಧಿಕಾರ ಈಗಾಗಲೇ ಇದೆ. ಇಲ್ಲದಿರುವುದು ಅದನ್ನು ಹಾಗೆ ಬಳಸಬೇಕೆಂಬ ರೂಢಿ.

ಕಾಲಮಿತಿಯ ಬಗ್ಗೆಯೂ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್, ಮೊಕದ್ದಮೆ ನಡೆಯುತ್ತಿರುವಾಗಲೇ ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣ ಮೂರರ ಬಗ್ಗೆಯೂ ಮಧ್ಯಂತರ ಆದೇಶ ಮಾಡಲು ಅಧಿಕಾರ ಕೊಡುತ್ತದೆ. 2001ರ ತಿದ್ದುಪಡಿಯಲ್ಲಿ ಇದಕ್ಕೊಂದು ಮಾತು ಸೇರಿತು: ನೋಟಿಸು ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳೊಳಗೆ ಅರ್ಜಿ ವಿಲೇವಾರಿಯಾಗಬೇಕು. ಆದರೆ ಆ 60 ದಿನ ಪೋಷಣೆಯ ವೆಚ್ಚಕ್ಕೂ ಶಿಕ್ಷಣಕ್ಕೂ ಮಾತ್ರ. ಮಗು ಯಾರ ಬಳಿ ಇರಬೇಕು, ಇನ್ನೊಬ್ಬರನ್ನು ಯಾವಾಗ ನೋಡಬೇಕು ಎಂಬುದಕ್ಕೆ ಆ ಮಾತಿನಲ್ಲಿ ಅವಧಿಯೇ ಇಲ್ಲ. ಶುಲ್ಕ ಕಟ್ಟುವ ತಂದೆಗೆ 60 ದಿನ ಇದೆ, ಶಾಲೆಯ ಬಾಗಿಲಲ್ಲಿ ಮಗುವನ್ನು ನೋಡಬೇಕೆನ್ನುವ ತಂದೆಗೆ ಇಲ್ಲ. ಶಾಸಕಾಂಗ ಇದನ್ನು ಯೋಚಿಸಿಯೇ ಬಿಟ್ಟಿತೆಂದು ನನಗೆ ಅನ್ನಿಸುವುದಿಲ್ಲ. ಹಸಿದ ಮಗುವಿನ ತುರ್ತು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಕಾಯುವ ಮಗುವಿನ ತುರ್ತು ಕಣ್ಣಿಗೆ ಬೀಳುವುದಿಲ್ಲ. ಇದರ ಜೊತೆಗೆ 1984ರ ಕಾಯ್ದೆಯ 19ನೇ ಸೆಕ್ಷನ್ ಮಧ್ಯಂತರ ಆದೇಶಗಳನ್ನು ಮೇಲ್ಮನವಿಯಿಂದ ಹೊರಗಿಟ್ಟಿದೆ. ಬೇಗ ಬರಲಿ ಎಂಬ ಉದ್ದೇಶದಿಂದ ಹಾಗಿಟ್ಟಿರಬಹುದು, ಆದರೆ ತಡವಾಗಿ ಬಂದ ತಪ್ಪು ಆದೇಶವನ್ನು ತಿದ್ದಿಸಿಕೊಳ್ಳಲು ಪಾಲಕರು ರಿಟ್ ಅರ್ಜಿ ಹಿಡಿದು ತಮ್ಮ ಮುಂದೆಯೇ ಬರಬೇಕಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ತಮ್ಮನ್ನೇ ಕುರಿತದ್ದು. ಅದೇ ಕಾಯ್ದೆಯ 21ನೇ ಸೆಕ್ಷನ್ ಕೌಟುಂಬಿಕ ನ್ಯಾಯಾಲಯಗಳ ನಡಾವಳಿಗೆ ನಿಯಮ ರೂಪಿಸುವ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. ಮಗುವಿನ ಪಾಲನೆ ಮತ್ತು ಭೇಟಿಯ ಮಧ್ಯಂತರ ಅರ್ಜಿಗೂ ಆ 60 ದಿನಗಳನ್ನೇ ಅನ್ವಯಿಸಿ ಒಂದು ನಿಯಮ ಮಾಡಿ. ಅಷ್ಟೇ ಸಾಲದು, ಎದುರುದಾರರು ಮೊದಲ ಸಲ ಹಾಜರಾದ ದಿನವೇ, ವಾದವಿಲ್ಲದೆ, ಒಂದು ಕನಿಷ್ಠ ವ್ಯವಸ್ಥೆ ಜಾರಿಗೆ ಬರುವಂತಿರಲಿ. ಯಶಿತಾ ಸಾಹು ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಮಗು ಬಳಿಯಲ್ಲಿಲ್ಲದ ತಂದೆ ಅಥವಾ ತಾಯಿ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನೊಡನೆ ಮಾತನಾಡುವಂತಿರಬೇಕು ಎಂದಿದೆ. ಪ್ರತಿದಿನ ಸಂಜೆ ಹತ್ತು ನಿಮಿಷದ ವಿಡಿಯೊ ಕರೆಗೆ ಆಕ್ಷೇಪಣೆ ಸಲ್ಲಿಸಲು ಮೂರು ತಾರೀಕು ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅಂಥದೊಂದು ಕರೆ ಇದ್ದಿದ್ದರೆ ಶೂವಿನ ಅಳತೆ ಏನೆಂದು ಅವರು ಮಗನನ್ನೇ ಕೇಳುತ್ತಿದ್ದರು.

ಜೀವನಾಂಶದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದ ಮೂಲಕ ಒಂದು ದೊಡ್ಡ ಉಪಕಾರ ಮಾಡಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಗೊತ್ತುಪಡಿಸಿದ ನಮೂನೆಯ ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕೆಂದು ದೇಶಕ್ಕೆಲ್ಲ ಒಂದೇ ಕ್ರಮ ತಂದಿತು. ಮಗುವಿಗೂ ಅಂಥದೊಂದು ಪ್ರಮಾಣಪತ್ರ ಇರಲಿ. ಬೆಳಿಗ್ಗೆ ಎಬ್ಬಿಸುವವರು ಯಾರು, ಶಾಲೆಗೆ ಬಿಡುವವರು ಯಾರು, ಜ್ವರ ಬಂದಾಗ ರಜೆ ಹಾಕುವವರು ಯಾರು, ಯಾವ ವೈದ್ಯರು, ಯಾವ ಔಷಧಿ ಒಗ್ಗುವುದಿಲ್ಲ, ತಾನು ಈಗ ಇರುವ ಜಾಗದಲ್ಲಿ ಮಗು ಎಲ್ಲಿ ಮಲಗುತ್ತದೆ, ಆ ಜಾಗಕ್ಕೂ ಹಳೆಯ ಮನೆಗೂ ತಿಂಗಳಿಗೆ ಯಾರು ಎಷ್ಟು ಕಟ್ಟುತ್ತಿದ್ದಾರೆ, ಇವಿಷ್ಟನ್ನು ಇಬ್ಬರೂ ಬರೆದು ಸಹಿ ಹಾಕಿ ಕೊಡಲಿ. ನಮ್ಮಿಬ್ಬರ ಅರ್ಜಿ, ಆಕ್ಷೇಪಣೆ ಎಲ್ಲ ಸೇರಿ ನೂರಕ್ಕೂ ಹೆಚ್ಚು ಪುಟಗಳಿದ್ದವು. ಅವುಗಳಲ್ಲಿ ಮಗನ ಬಗ್ಗೆ ಇದ್ದದ್ದು ಅವನ ಹುಟ್ಟಿದ ದಿನಾಂಕ, ಶಾಲೆಯ ಹೆಸರು ಮತ್ತು ಅವನಿಗೆ ತಂದೆಯೆಂದರೆ ಭಯ ಎಂಬ, ನನ್ನ ಕಡೆಯ, ನಿಜವಲ್ಲದ ಒಂದು ಸಾಲು. ಆ ಸಾಲನ್ನು ತೆಗೆಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ನನ್ನ ಕೋರಿಕೆಗಳಲ್ಲಿ ಅತಿ ಮುಖ್ಯವಾದದ್ದು ಇದು: ಈ ತಾತ್ಕಾಲಿಕ ಅವಧಿಯಲ್ಲಿ ಯಾರು ಮನೆ ಬಿಟ್ಟರು, ಮಗು ಯಾರ ಬಳಿ ಇತ್ತು ಎಂಬ ಸಂಗತಿಯನ್ನು ಮುಂದೆ ಅವರ ವಿರುದ್ಧ ಬಳಸುವಂತಿಲ್ಲ ಎಂದು ಪ್ರತಿ ಮಧ್ಯಂತರ ಆದೇಶದಲ್ಲೂ ಬರೆಯಿಸಬೇಕು. ಜಗಳ ಮಗುವಿನ ಕಿವಿಗೆ ಬೀಳಬಾರದೆಂದು ಹೊರಗೆ ಹೋಗುವವರಿಗೆ ಆ ಒಂದು ಸಾಲು ಧೈರ್ಯ ಕೊಡುತ್ತದೆ. ಮನೆಯಲ್ಲಿ ಉಳಿದವರಿಗೆ ಬೀಗ ಬದಲಾಯಿಸಬೇಕಾದ ಅಗತ್ಯ ಕಾಣುವುದಿಲ್ಲ. ಬೀಗ ನಾನೂ ಬದಲಾಯಿಸಿದ್ದೆ. ಮಗನ ಜೇಬಿನಲ್ಲಿದ್ದ ಹಳೆಯ ಕೀಲಿಯನ್ನು ಅವನು ಅಪ್ಪನಿಗೆ ಕೊಡಬೇಕೆಂದು ತೆಗೆದಿಟ್ಟಿದ್ದ. ಅದು ಇನ್ನು ಯಾವ ಬಾಗಿಲಿಗೂ ಬರುವುದಿಲ್ಲ ಎಂದು ಅವನಿಗೆ ಹೇಳಿದವಳು ನಾನು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕವುಳ್ಳವು. ಮೊದಲನೆಯದು, ಅವಸರದಲ್ಲಿ ಮಾಡಿದ ವ್ಯವಸ್ಥೆ ಹೊಡೆಸಿಕೊಂಡ ಹೆಂಗಸನ್ನೂ ಮಗುವನ್ನೂ ಮತ್ತೆ ಅದೇ ಕೈಗೆ ಒಪ್ಪಿಸಬಹುದು ಎಂಬುದು. ಈ ಭಯ ನಿಜ. ಆದ್ದರಿಂದಲೇ ಮೊದಲ ದಿನ ಕೇಳಬೇಕಾದ ಮೊದಲ ಪ್ರಶ್ನೆ ಆ ಮನೆಯಲ್ಲಿ ಹಿಂಸೆ ಇತ್ತೇ ಎಂಬುದಾಗಿರಬೇಕು, ಮತ್ತು ಅದನ್ನು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳದೆ, ನ್ಯಾಯಾಲಯದ ಆಪ್ತಸಮಾಲೋಚಕರು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಬೇಕು. ಇತ್ತು ಎಂದಾದರೆ ನಾನು ಹೇಳಿದ ಕನಿಷ್ಠ ವ್ಯವಸ್ಥೆ ಅಲ್ಲಿ ತಾನಾಗಿಯೇ ಜಾರಿಗೆ ಬರಬಾರದು. 2005ರ ಕಾಯ್ದೆ ಅಂಥವಳಿಗೆ ಮನೆಯಲ್ಲಿ ಇರುವ ಹಕ್ಕನ್ನೂ, ಹಿಂಸಿಸಿದವನನ್ನು ಹೊರಗಿಡುವ ಆದೇಶವನ್ನೂ, ಅದಾಗದಿದ್ದರೆ ಅದೇ ಮಟ್ಟದ ಬೇರೆ ಮನೆ ಅಥವಾ ಅದರ ಬಾಡಿಗೆಯನ್ನೂ, ಮಗುವಿನ ತಾತ್ಕಾಲಿಕ ಪಾಲನೆಯನ್ನೂ ಕೊಡಬಲ್ಲದು. ತುರ್ತಿದ್ದರೆ ಎದುರುದಾರರನ್ನು ಕೇಳದೆಯೇ ಕೊಡಬಲ್ಲದು. ಅವುಗಳಲ್ಲಿ ಒಂದನ್ನೂ ಸಡಿಲಗೊಳಿಸಿ ಎಂದು ನಾನು ಕೇಳುತ್ತಿಲ್ಲ. ಹಿಂಸೆಯಿಂದ ತಪ್ಪಿಸಿಕೊಂಡು ಮನೆ ಬಿಟ್ಟವಳಿಗೇ, ಮನೆ ಬಿಟ್ಟದ್ದು ಅವಳ ವಿರುದ್ಧ ಸಾಕ್ಷ್ಯವಲ್ಲ ಎಂಬ ಆ ಸಾಲು ಎಲ್ಲರಿಗಿಂತ ಹೆಚ್ಚು ಬೇಕು.

ಎರಡನೆಯದು, ಮಗುವಿಗೆ ಸ್ಥಿರತೆ ಬೇಕು, ವಾರಕ್ಕೊಂದು ಮನೆಯೆಂದು ಎಳೆದಾಡಬಾರದು ಎಂಬುದು. ಇದನ್ನು ನಾನೇ ಪ್ರಮಾಣಪತ್ರದಲ್ಲಿ ಬರೆದವಳು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ಹೇಳುವುದರಲ್ಲೂ, ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲೆಂದು ಅದರ 13ನೇ ಸೆಕ್ಷನ್ ಹೇಳುವುದರಲ್ಲೂ ಈ ಕಾಳಜಿ ಇದೆ. ಆದರೆ ಅದೇ ಶಾಲೆ, ಅದೇ ಹಾಸಿಗೆ, ಅದೇ ಗೆಳೆಯರು ಮಾತ್ರ ಸ್ಥಿರತೆ ಅಲ್ಲ; ನಿನ್ನೆಯವರೆಗೆ ಕಥೆ ಹೇಳಿ ಮಲಗಿಸುತ್ತಿದ್ದವರು ಇಂದೂ ಇರುವುದು ಅದರ ಇನ್ನರ್ಧ. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷರಾಗಿದ್ದ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ತನ್ನ 257ನೇ ವರದಿಯಲ್ಲಿ, ತಕ್ಕ ಸಂದರ್ಭಗಳಲ್ಲಿ ತಂದೆ ತಾಯಿ ಇಬ್ಬರಿಗೂ ಜಂಟಿಯಾಗಿ ಪಾಲನೆ ವಹಿಸುವುದಕ್ಕೆ ಕಾನೂನಿನಲ್ಲೇ ಜಾಗ ಮಾಡಬೇಕೆಂದು ಶಿಫಾರಸು ಮಾಡಿತು. ಎಲ್ಲ ಮಕ್ಕಳಿಗೂ ಅದು ಒಗ್ಗುತ್ತದೆಂದು ನಾನು ಹೇಳಲಾರೆ. ಆದರೆ ಯಾವುದು ಒಗ್ಗುತ್ತದೆ ಎಂದು ನೋಡುವ ಮೊದಲೇ ಒಂದು ವರ್ಷ ಕಳೆದುಹೋದರೆ, ಆಮೇಲೆ ನೋಡುವುದಕ್ಕೆ ಉಳಿಯುವುದು ನಮ್ಮ ವಿಳಂಬವೇ ಮಾಡಿಟ್ಟ ಸ್ಥಿರತೆ.

ಮಗುವನ್ನು ಕೇಳುವ ಬಗ್ಗೆ ಒಂದೇ ಮಾತು. ತಿಳಿವಳಿಕೆಯಿಂದ ಆರಿಸಬಲ್ಲಷ್ಟು ದೊಡ್ಡದಾದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಹೇಳುತ್ತದೆ. ಕೇಳಲಿ, ಒಮ್ಮೆ ಕೇಳಲಿ. ನನ್ನ ಮಗನನ್ನು ಮಧ್ಯಸ್ಥಿಕೆದಾರರು, ಸಮಾಲೋಚಕರು, ಇಬ್ಬರು ನ್ಯಾಯಾಧೀಶರು ಹೀಗೆ ನಾಲ್ವರು ಕೇಳಿದರು. ಮೊದಲನೆಯವರಿಗೆ ಅವನು ಇಬ್ಬರೂ ಬೇಕು ಎಂದಿದ್ದ. ನಾಲ್ಕನೆಯವರು ಕೇಳುವ ಹೊತ್ತಿಗೆ ಯಾವ ಉತ್ತರ ಕೊಟ್ಟರೆ ಮನೆಗೆ ಹೋದ ಮೇಲೆ ಅಮ್ಮ ಅಳುವುದಿಲ್ಲ ಎಂಬುದನ್ನು ಅವನು ಕಲಿತಿದ್ದ.

ಕೌಟುಂಬಿಕ ನ್ಯಾಯಾಧೀಶರ ಮೇಜಿನ ಮೇಲೆ ದಿನಕ್ಕೆ ಎಷ್ಟು ಕಡತಗಳು ಬಂದು ಬೀಳುತ್ತವೆ ಎಂಬುದನ್ನು ಕಾರಿಡಾರಿನಲ್ಲಿ ಕೂತು ಕಣ್ಣಾರೆ ಕಂಡಿದ್ದೇನೆ. ಅವರ ಮೇಲೆ ನನಗೆ ದೂರಿಲ್ಲ. ನಾನು ಕೇಳುತ್ತಿರುವುದು ಅವರ ಕೆಲಸವನ್ನು ಹೆಚ್ಚಿಸುವುದೂ ಇಲ್ಲ. ಎರಡನೆಯ ತಿಂಗಳಲ್ಲಿ ಮಗು ಮತ್ತು ಮನೆ ಎರಡೂ ತಾತ್ಕಾಲಿಕವಾಗಿ ಇತ್ಯರ್ಥವಾಗಿದ್ದರೆ ನಮ್ಮ ಉಳಿದ ವ್ಯಾಜ್ಯದ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ. ಬೀಗದ ದೂರು, ಸಾಮಾನಿನ ಪಟ್ಟಿಯ ದೂರು, ಶಾಲೆಯ ವಾರ್ಷಿಕೋತ್ಸವಕ್ಕೆ ಅವರು ಬಂದದ್ದಕ್ಕೆ ನಾನು ಸಲ್ಲಿಸಿದ ಮೆಮೊ, ಎಲ್ಲವೂ ಆ ಖಾಲಿ ತಿಂಗಳುಗಳಲ್ಲಿ ಹುಟ್ಟಿದವು.

ನಿಯಮ ರೂಪಿಸಲು ತಾವು ಸಮಿತಿಯೊಂದನ್ನು ನೇಮಿಸಿದರೆ, ಈ ಪತ್ರದಲ್ಲಿ ಬರೆದ ಪ್ರತಿಯೊಂದನ್ನೂ ಅದರ ಮುಂದೆ ಪ್ರಮಾಣ ಮಾಡಿ ಹೇಳಲು ನಾನು ಸಿದ್ಧಳಿದ್ದೇನೆ. ಮಗನ ತಂದೆಯೂ ಬರಲು ಒಪ್ಪಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಹೊಸ ತರಗತಿಗೆ ಹೋಗುವ ಮಕ್ಕಳಲ್ಲಿ ಕೆಲವರ ಮಧ್ಯಂತರ ಅರ್ಜಿಗಳು ಈಗಾಗಲೇ ತಮ್ಮ ಅಧೀನ ನ್ಯಾಯಾಲಯಗಳಲ್ಲಿ ಆಕ್ಷೇಪಣೆಗೆಂದು ಮುಂದಿನ ತಾರೀಕಿಗೆ ಹೋಗಿವೆ. ಆ ಮಕ್ಕಳು ಆ ತರಗತಿಯನ್ನು ಮುಗಿಸುವುದರೊಳಗೆ ಈ ನಿಯಮ ಬರಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಒಬ್ಬ ತಾಯಿ